ಸಂಶೋಧನೆಯ ಚೀಲಕ್ಕೆ ಯಾವುದು: ಜೆರಾಕ್ಸ್, ಇ-ಇಂಕ್, ಟ್ಯಾಬ್, ಲ್ಯಾಪ್‌ಟಾಪ್

ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ಈ ವರ್ಷ ಪಿಎಚ್‌.ಡಿ.ಗೆ ಸೇರಿದ್ದಾಳೆ. ಶಿಷ್ಯವೇತನದ ಮೊದಲ ಕಂತು ಖಾತೆಗೆ ಬಿದ್ದ ದಿನವೇ ನನ್ನನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಬಂದಳು. "ಅಕ್ಕಾ, ಟ್ಯಾಬ್ ತೆಗೆದುಕೊಳ್ಳಲೋ ಲ್ಯಾಪ್‌ಟಾಪ್ ತೆಗೆದುಕೊಳ್ಳಲೋ? ಇ-ಇಂಕ್ ಅಂತ ಇನ್ನೊಂದು ಇದೆಯಂತೆ, ಕಣ್ಣಿಗೆ ಒಳ್ಳೆಯದಂತೆ" ಎಂದಳು. ಅವಳ ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುವವರು. ಆ ಮನೆಯಲ್ಲಿ ಮೂವತ್ತು ಸಾವಿರ ರೂಪಾಯಿಯ ವಸ್ತುವೊಂದನ್ನು ಕೊಳ್ಳುತ್ತಿರುವುದು ಇದೇ ಮೊದಲು. ನಿಂತ ನಿಲುವಿನಲ್ಲಿ ಹೇಳಿ ಕಳಿಸುವ ಮಾತಲ್ಲ ಎನಿಸಿತು. ಮನೆಗೆ ಬಂದು ಇದನ್ನು ಬರೆಯಲು ಕುಳಿತೆ.

ನಾನು ಚಿತ್ರದುರ್ಗದವಳು. ದುರ್ಗದ ಸುತ್ತಲಿನ ಶಾಸನ, ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದೇನೆ; ಈಗ ಐದನೆಯ ವರ್ಷ. ಮನೆಯಿಂದ ದಾವಣಗೆರೆಗೆ ಸುಮಾರು ಅರವತ್ತು ಕಿಲೋಮೀಟರ್, ಅಲ್ಲಿಂದ ತೋಳಹುಣಸೆಯ ಶಿವಗಂಗೋತ್ರಿಗೆ, ಅಂದರೆ ವಿಶ್ವವಿದ್ಯಾಲಯದ ಆವರಣಕ್ಕೆ, ಇನ್ನೊಂದು ಬಸ್. ವಾರದಲ್ಲಿ ಮೂರು ದಿನ ಹೀಗೆ ಹೋಗಿ ಬರುತ್ತೇನೆ, ಎರಡು ದಿನ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತೇನೆ, ಉಳಿದ ದಿನ ಹೊಲಗದ್ದೆಗಳಲ್ಲಿ ಕಲ್ಲು ಹುಡುಕುತ್ತೇನೆ. ಜೆರಾಕ್ಸ್, ಇ-ಇಂಕ್, ಟ್ಯಾಬ್, ಲ್ಯಾಪ್‌ಟಾಪ್ ನಾಲ್ಕನ್ನೂ ಇಷ್ಟು ವರ್ಷದಲ್ಲಿ ಬಳಸಿದ್ದೇನೆ. ಒಂದನ್ನು ಕೊಂಡು ನೊಂದಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಅಂಗಡಿಯಲ್ಲಿ ಕೇಳಿಬರುವುದು ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ಗಂಟೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬ ಲೆಕ್ಕ. ಸಂಶೋಧನೆ ಮಾಡುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಇವತ್ತು ಪುಟದ ಅಂಚಿನಲ್ಲಿ ಬರೆದ ಟಿಪ್ಪಣಿ, ನಾಲ್ಕು ವರ್ಷ ಕಳೆದು ಮೂರನೆಯ ಅಧ್ಯಾಯ ಬರೆಯುವ ರಾತ್ರಿ ನನ್ನ ಕೈಗೆ ಸಿಗುತ್ತದೆಯೇ? ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಕೊಳ್ಳುವ ಸಾಧನಕ್ಕೆ ವಾರಂಟಿ ಸಾಮಾನ್ಯವಾಗಿ ಒಂದೇ ವರ್ಷ. ನಡುವೆ ಉಳಿಯುವ ವರ್ಷಗಳಲ್ಲಿ ಸಾಧನ ಕೆಟ್ಟೇ ಕೆಡುತ್ತದೆ ಎಂದು ಲೆಕ್ಕ ಹಾಕಿಕೊಂಡು, ಆಗ ಟಿಪ್ಪಣಿಗಳ ಗತಿ ಏನು ಎಂದು ನೋಡಬೇಕು. ಎರಡನೆಯ ಪ್ರಶ್ನೆ ನಮ್ಮ ಭಾಷೆಯದು. ಇಂಗ್ಲಿಷ್ ಪತ್ರಿಕೆಗಳ ಲೇಖನ ಓದುವವರಿಗೆ ಹೊಂದುವ ಸಾಧನ, ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್ ಪ್ರತಿ ಓದುವವರಿಗೆ ಹೊಂದಲಾರದು. ವಿದೇಶದಲ್ಲಿ ಕುಳಿತವರು ಬರೆದ ವಿಮರ್ಶೆಗಳನ್ನು ಓದಿ ಕೊಂಡರೆ ಮೋಸ ಹೋಗುವುದು ಇಲ್ಲಿಯೇ.

ಜೆರಾಕ್ಸ್ ಮತ್ತು ಪೆನ್ಸಿಲ್

ಇದನ್ನು ಆಯ್ಕೆಯೆಂದೇ ಯಾರೂ ಎಣಿಸುವುದಿಲ್ಲ. ನಾನು ಇದನ್ನೇ ಮೊದಲು ಇಡುತ್ತೇನೆ. ಪುಟಕ್ಕೆ ಒಂದೆರಡು ರೂಪಾಯಿ ಕೊಟ್ಟರೆ ಆಯಿತು, ಚಾರ್ಜ್ ಮಾಡುವ ಗೊಡವೆಯಿಲ್ಲ, ಕರೆಂಟ್ ಹೋದರೂ ಕಿಟಕಿಯ ಬಳಿ ಕುಳಿತು ಓದಬಹುದು. ಮಾರ್ಗದರ್ಶಕರು ಇವತ್ತಿಗೂ ಅಧ್ಯಾಯದ ಕರಡನ್ನು ಕಾಗದದ ಮೇಲೆಯೇ ಕೇಳುತ್ತಾರೆ, ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಾರೆ. ಆ ತಿದ್ದುಪಡಿಗಳಲ್ಲಿ ಒಂದು ಗೆರೆಯ ಒತ್ತಡದಿಂದಲೇ ಅವರಿಗೆ ಎಲ್ಲಿ ಸಿಟ್ಟು ಬಂದಿದೆ, ಎಲ್ಲಿ ಸುಮ್ಮನೆ ಅನುಮಾನವಿದೆ ಎಂಬುದು ತಿಳಿಯುತ್ತದೆ. ಪರದೆಯ ಮೇಲಿನ ಟಿಪ್ಪಣಿಯಲ್ಲಿ ನನಗೆ ಅದು ತಿಳಿದದ್ದಿಲ್ಲ.

ತೂಕದ ಮಾತಿಗೆ ಬರೋಣ. 80 ಜಿಎಸ್‌ಎಂ ಕಾಗದದ ಎ4 ಹಾಳೆಯೊಂದು ಸುಮಾರು 5 ಗ್ರಾಂ ತೂಗುತ್ತದೆ. ಆರುನೂರು ಪುಟದ ಪುಸ್ತಕವನ್ನು ಒಂದು ಬದಿಗೆ ಎರಡು ಪುಟದಂತೆ, ಎರಡೂ ಬದಿಗೆ ತೆಗೆಸಿದರೆ ನೂರೈವತ್ತು ಹಾಳೆ. ಅಂದರೆ ಮುಕ್ಕಾಲು ಕಿಲೋ. ಇಂಥವು ಎರಡನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ನಿಂತು ಬಂದವರಿಗೆ ಸಂಜೆ ಹೆಗಲು ಹೇಳುತ್ತದೆ. ಇನ್ನೊಂದು ಕಷ್ಟ ದುರ್ಗದ ಗಾಳಿಯದು. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಒಮ್ಮೆ ಹೊಲವೊಂದರಲ್ಲಿ ವೀರಗಲ್ಲಿನ ಮುಂದೆ ಬಿಡಿ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದೆ. ಬೀಸಿದ ಒಂದು ಗಾಳಿಗೆ ಹನ್ನೊಂದು ಹಾಳೆಗಳು ಸಜ್ಜೆಯ ಪೈರಿನೊಳಗೆ ಹೋದವು, ಒಂಬತ್ತು ಸಿಕ್ಕವು. ಅಂದಿನಿಂದ ಬಯಲಿಗೆ ಒಯ್ಯುವುದನ್ನು ಸ್ಪೈರಲ್ ಬೈಂಡ್ ಮಾಡಿಸದೆ ಒಯ್ಯುವುದಿಲ್ಲ.

ಜೆರಾಕ್ಸ್ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಶಾಸನಗಳೆಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ 11ನೆಯ ಸಂಪುಟ. ಬಿ.ಎಲ್. ರೈಸ್ ಅವರು ಸಂಪಾದಿಸಿ 1903ರಲ್ಲಿ ಪ್ರಕಟವಾದದ್ದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲಿಯೇ ಇವೆ. ಪಠ್ಯದ ಪುಟಗಳು ಜೆರಾಕ್ಸಿನಲ್ಲಿ ಚೆನ್ನಾಗಿ ಬರುತ್ತವೆ. ಆದರೆ ಇಂಥ ಸಂಪುಟಗಳಲ್ಲಿನ ಪಡಿಯಚ್ಚಿನ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿಯ) ಚಿತ್ರಗಳನ್ನು ತೆಗೆಸಿ ನೋಡಿ: ಬೂದು ಬಣ್ಣವೆಲ್ಲ ಕರಿಮಸಿಯಾಗಿ, ಅಕ್ಷರ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ತಿಳಿಯುವುದಿಲ್ಲ. ಚಿತ್ರಫಲಕಗಳನ್ನು ಸ್ಕ್ಯಾನ್ ಪ್ರತಿಯಲ್ಲಿಯೇ ನೋಡಬೇಕು. ಇನ್ನು ಹುಡುಕಾಟ. "ಈ ಮಾತನ್ನು ಎಲ್ಲೋ ಓದಿದ್ದೆನಲ್ಲ" ಎಂದು ಇಡೀ ರಾತ್ರಿ ಮೂರು ಕಟ್ಟು ತಿರುವಿ ಹಾಕಿದ್ದೇನೆ. ಅದಕ್ಕೆ ನಾನು ಕಂಡುಕೊಂಡ ದಾರಿ ಇದು: ಪ್ರತಿ ಕಟ್ಟಿನ ಕೊನೆಗೆ ಎರಡು ಖಾಲಿ ಹಾಳೆ ಸೇರಿಸಿ ಬೈಂಡ್ ಮಾಡಿಸುವುದು, ಗೆರೆ ಎಳೆದಾಗಲೆಲ್ಲ ಅಲ್ಲಿ ಒಂದು ಪದ ಮತ್ತು ಪುಟಸಂಖ್ಯೆ ಬರೆಯುವುದು. ಎರಡು ನಿಮಿಷದ ಕೆಲಸ. ದನಗಳನ್ನು ಹೊಡೆದೊಯ್ದ ಪ್ರಸಂಗಗಳಿಗೆ "ತುರುಗೋಳು 43, 112, 209" ಎಂದು ಇದ್ದರೆ ಸಾಕು.

ಇ-ಇಂಕ್

ಇ-ಇಂಕ್ ಪರದೆ ಬೇರೆ ಪರದೆಗಳಂತೆ ಹಿಂದಿನಿಂದ ಬೆಳಕು ಚೆಲ್ಲುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ಕಪ್ಪು, ಬಿಳಿ ಬಣ್ಣದ ಕಣಗಳಿರುತ್ತವೆ. ವಿದ್ಯುತ್ತು ಹರಿಸಿದಾಗ ಕಪ್ಪೋ ಬಿಳಿಯೋ ಮೇಲೆ ಬಂದು ನಿಲ್ಲುತ್ತದೆ. ನಿಂತ ಮೇಲೆ ಹಾಗೆಯೇ ಇರಲು ವಿದ್ಯುತ್ತು ಬೇಡ, ಪುಟ ತಿರುವುವಾಗ ಮಾತ್ರ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಇದೇ ಕಾರಣಕ್ಕೆ. ಬಿಸಿಲು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟ. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಟ್ಯಾಬಿನ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಮೊಬೈಲ್ ಕಾದು ತಾನಾಗಿಯೇ ಮಂಕಾಯಿತು. ಗೆಳತಿಯ ಇ-ಇಂಕ್ ಮಾತ್ರ ಕಾಗದದಂತೆ ತೆರೆದುಕೊಂಡಿತ್ತು. ಬಯಲಿನಲ್ಲಿ ಓದುವುದಕ್ಕೆ ಇದರ ಸಮ ಇನ್ನೊಂದಿಲ್ಲ, ಮನಸ್ಸಾರೆ ಹೇಳುತ್ತೇನೆ.

ಹಾಗಾದರೆ ಕೊಳ್ಳಬೇಕೇ? ಇಲ್ಲಿ ಅಳತೆಯ ಲೆಕ್ಕ ಮಾಡಬೇಕು. ಹೆಚ್ಚಾಗಿ ಸಿಗುವ ಆರು ಇಂಚಿನ ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಎ4 ಪುಟದ ಎತ್ತರ 29.7 ಸೆಂಟಿಮೀಟರ್. ಪುಟವಿಡೀ ಕಾಣಬೇಕೆಂದರೆ ಅಕ್ಷರ ಐದರಲ್ಲಿ ಎರಡು ಭಾಗಕ್ಕೆ ಕುಗ್ಗುತ್ತದೆ. ಇಂಗ್ಲಿಷಿನ ಇ-ಪುಸ್ತಕವಾದರೆ ಅಕ್ಷರವನ್ನು ದೊಡ್ಡದು ಮಾಡಿಕೊಂಡಾಗ ಸಾಲುಗಳು ತಾವೇ ಮುರಿದು ಹೊಂದಿಕೊಳ್ಳುತ್ತವೆ. ನಮ್ಮ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಬಹುಪಾಲು ಪುಟದ ಛಾಯಾಚಿತ್ರ ಅಷ್ಟೇ. ಅದರೊಳಗೆ ಅಕ್ಷರವೆಂಬುದೇ ಇಲ್ಲ, ಹಿಗ್ಗಿಸಿದರೆ ಚಿತ್ರವೇ ಹಿಗ್ಗುತ್ತದೆ. ಒತ್ತಕ್ಷರದ ಕೊನೆ ನೋಡಲು ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು, ಎಳೆದಾಗಲೆಲ್ಲ ಪರದೆ ಮಿನುಗಿ ನಿಧಾನಕ್ಕೆ ಮೂಡುತ್ತದೆ. ಒಂದು ವಾರ ಹೀಗೆ ಓದಿದ ಮೇಲೆ ಆರು ಇಂಚಿನದನ್ನು ಗೆಳತಿಗೆ ಹಿಂದಿರುಗಿಸಿದೆ. ಅವಳು ಅರ್ಥಶಾಸ್ತ್ರದವಳು, ಓದುವುದು ಇಂಗ್ಲಿಷ್ ಇ-ಪುಸ್ತಕ. ಅವಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

10.3 ಇಂಚಿನ ದೊಡ್ಡ ಇ-ಇಂಕ್ ಬೇರೆಯೇ ಮಾತು. ಅದರ ಎತ್ತರ ಸುಮಾರು 21 ಸೆಂಟಿಮೀಟರ್. ನಮ್ಮ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟು 1/8 ಡೆಮಿ ಆಕಾರದವು. ಆ ಪುಟ ಇದರಲ್ಲಿ ಹೆಚ್ಚುಕಡಿಮೆ ಇದ್ದ ಅಳತೆಗೇ ಕಾಣುತ್ತದೆ. ಪೆನ್ನಿನಿಂದ ಅಂಚಿನಲ್ಲಿ ಬರೆಯಲೂಬಹುದು. ಆದರೆ ಅದರ ಬೆಲೆಗೆ ಒಂದು ಲ್ಯಾಪ್‌ಟಾಪ್ ಬರುತ್ತದೆ, ಕೆಟ್ಟರೆ ನಮ್ಮ ಊರುಗಳಲ್ಲಿ ರಿಪೇರಿ ಮಾಡುವವರು ಸಿಗುವುದಿಲ್ಲ. ಬಣ್ಣದ ನಕ್ಷೆ, ಛಾಯಾಚಿತ್ರ ನೋಡುವವರಿಗೆ ಕಪ್ಪು ಬಿಳುಪು ಸಾಲದು. ಅಡಿಟಿಪ್ಪಣಿಗೂ ಪಠ್ಯಕ್ಕೂ ಹಿಂದೆ ಮುಂದೆ ಜಿಗಿಯುವ ಓದಿಗೆ ಅದು ನಿಧಾನ. ಕೆಲಸಕ್ಕೆ ಸೇರಿ, ಎರಡನೆಯ ಸಾಧನವಾಗಿ ಕೊಳ್ಳುವವರಿಗೆ ಅದು ಸರಿ. ಮೊದಲ ಕಂತಿನ ಹಣದಲ್ಲಿ ಬೇಡ.

ಟ್ಯಾಬ್

ನಾನು ನೊಂದದ್ದು ಇದರಲ್ಲಿ. ಎರಡನೆಯ ವರ್ಷ ಆರಂಭವಾದಾಗ ಹತ್ತು ಇಂಚಿನ ಟ್ಯಾಬ್ ಮತ್ತು ಪೆನ್ನು ಕೊಂಡೆ. ಮೊದಲ ದಿನಗಳ ಸಂತೋಷ ಇನ್ನೂ ನೆನಪಿದೆ. ಬಸ್ಸಿನ ಕಿಟಕಿ ಸೀಟಿನಲ್ಲಿ ಕುಳಿತು ಓದುತ್ತಿದ್ದೆ, ಹಳದಿ ಬಣ್ಣ ಬಳಿಯುತ್ತಿದ್ದೆ, ಪಕ್ಕದಲ್ಲಿ ಕನ್ನಡದಲ್ಲಿ ಕೈಬರಹದ ಟಿಪ್ಪಣಿ ಬರೆಯುತ್ತಿದ್ದೆ. ಭರಮಸಾಗರ ದಾಟುವುದರೊಳಗೆ ಒಂದು ಲೇಖನ ಮುಗಿಯುತ್ತಿತ್ತು. ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ದಿನ ಚಾರ್ಜ್ ಆಗುವುದು ನಿಂತಿತು. ರಿಪೇರಿಗೆ ಕೊಟ್ಟೆ. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಒಳಗಿನ ಬೋರ್ಡ್ ಬದಲಿಸಿ ಕೊಟ್ಟರು; ಟ್ಯಾಬ್ ಹೊಸದರಂತೆ ಹೊಳೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ನನ್ನ ಟಿಪ್ಪಣಿಗಳೆಲ್ಲ ಒಂದು ಆ್ಯಪಿನ ಒಳಗೆ, ಅದಕ್ಕೆ ಮಾತ್ರ ಅರ್ಥವಾಗುವ ಕಡತಗಳಲ್ಲಿ ಇದ್ದವು. ಪಿಡಿಎಫ್‌ಗಳನ್ನು ಮತ್ತೆ ಇಳಿಸಿಕೊಂಡೆ, ಅವು ಬರಿಯ ಪಿಡಿಎಫ್‌ಗಳಾಗಿ ಬಂದವು. ನಾನು ಎಳೆದ ಒಂದು ಗೆರೆಯೂ ಅವುಗಳಲ್ಲಿರಲಿಲ್ಲ. ಮೂವತ್ತೆರಡು ವೀರಗಲ್ಲುಗಳ ಕ್ಷೇತ್ರ ಟಿಪ್ಪಣಿಯಲ್ಲಿ ಹತ್ತೊಂಬತ್ತನ್ನು ಊರೂರು ತಿರುಗಿ ಮತ್ತೆ ಮಾಡಿದೆ. ಒಂದು ಊರಿನಲ್ಲಿ, ಮೊದಲ ಸಲ ಕಲ್ಲಿನ ಕಥೆ ಹೇಳಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದರಿಂದ ಟ್ಯಾಬ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಶಾಸನದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಒಂದೊಂದೇ ಅಕ್ಷರವನ್ನು ದಿಟ್ಟಿಸುವುದಕ್ಕೆ ಲ್ಯಾಪ್‌ಟಾಪಿಗಿಂತ ಟ್ಯಾಬ್ ಹಿತ. ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನು ನೋಡಿ. ಅವನು ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅದನ್ನು ಓದಿ, ಅವನು ಗೆದ್ದ ರಾಜ್ಯಗಳ ಹೆಸರಿನ ಪಟ್ಟಿಯೇ ಅಲ್ಲಿದೆ ಎಂದರು. ನಂತರದ ವಿದ್ವಾಂಸರು ಆ ಓದನ್ನು ಪ್ರಶ್ನಿಸಿದರು. ಸವೆದ ಕಲ್ಲಿನ ಮೇಲೆ ಒಂದು ಗೆರೆಯನ್ನು ಅಕ್ಷರದ ಕಾಲು ಎನ್ನುವುದೋ ಬಿರುಕು ಎನ್ನುವುದೋ ಎಂಬುದರ ಮೇಲೆ ರಾಜ್ಯವೊಂದರ ಹೆಸರು ಉಳಿಯುತ್ತದೆ ಇಲ್ಲವೇ ಹೋಗುತ್ತದೆ. ಇಂಥ ಕಡೆ ಒಳ್ಳೆಯ ಪರದೆ ಶೋಕಿಯಲ್ಲ.

ಟ್ಯಾಬ್ ಕೊಳ್ಳುವವರು ಒಂದು ಪರೀಕ್ಷೆ ಮಾಡಲೇಬೇಕು. ಪಿಡಿಎಫ್ ಒಂದನ್ನು ತೆರೆದು ಗೆರೆ ಎಳೆಯಿರಿ, ಒಂದು ಸಾಲು ಬರೆಯಿರಿ, ಉಳಿಸಿ. ಆ ಕಡತವನ್ನು ಇಮೇಲ್ ಮಾಡಿ ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಗೆರೆಯೂ ಸಾಲೂ ಕಂಡರೆ ಟಿಪ್ಪಣಿ ಕಡತದೊಳಗೇ ಉಳಿದಿದೆ ಎಂದರ್ಥ, ಟ್ಯಾಬ್ ಸತ್ತರೂ ಅದು ಉಳಿಯುತ್ತದೆ. ಕಾಣದಿದ್ದರೆ ಆ ಆ್ಯಪ್ ಎಷ್ಟೇ ಚೆಂದವಿದ್ದರೂ ಮುಟ್ಟಬೇಡಿ. ಇನ್ನೊಂದು ವಿಷಯ. ಕನ್ನಡದ ಕೈಬರಹದಲ್ಲಿ ಬರೆದದ್ದನ್ನು ನನ್ನ ಟ್ಯಾಬಿನಲ್ಲಿ ಹುಡುಕಿ ತೆಗೆಯಲು ಆಗುತ್ತಲೇ ಇರಲಿಲ್ಲ. ಹಾಗಾಗಿ ಹೆಸರು, ಊರು, ಶಾಸನದ ಸಂಖ್ಯೆ ಇವಿಷ್ಟನ್ನಾದರೂ ಟೈಪ್ ಮಾಡಿಡಬೇಕು.

ಲ್ಯಾಪ್‌ಟಾಪ್

ಬರೆಯುವ ಕೆಲಸಕ್ಕೆ ಬೇರೆ ದಾರಿಯಿಲ್ಲ. ಮುನ್ನೂರು ಪುಟದ ಪ್ರಬಂಧ, ಅಡಿಟಿಪ್ಪಣಿ, ಗ್ರಂಥಋಣ, ಅನುಬಂಧದ ಪಟ್ಟಿಗಳು, ಇವನ್ನು ಟ್ಯಾಬಿನಲ್ಲಿ ಮಾಡಿ ಮುಗಿಸಿದವರನ್ನು ನಾನು ಕಂಡಿಲ್ಲ. ಹೊಸದು ಕೊಳ್ಳುವಷ್ಟು ಹಣವಿಲ್ಲದವರಿಗೆ ಬಳಸಿದ ಲ್ಯಾಪ್‌ಟಾಪ್ ಒಳ್ಳೆಯ ದಾರಿ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿ ಯಂತ್ರಗಳು ದಾವಣಗೆರೆಯ ಅಂಗಡಿಗಳಲ್ಲಿಯೂ ಬರುತ್ತವೆ, ಅವುಗಳ ಕೀಲಿಮಣೆ ಹೊಸ ಅಗ್ಗದ ಯಂತ್ರಗಳದಕ್ಕಿಂತ ಎಷ್ಟೋ ಮೇಲು. ಇಲ್ಲಿ ಎಚ್ಚರ ಬೇಕಾದದ್ದು ಪ್ರೊಸೆಸರ್ ವಿಷಯದಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಯಂತ್ರವಾದರೆ ವಿಂಡೋಸ್ 11ಕ್ಕೆ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಪ್ರೊಸೆಸರಿನ ಹೆಸರು ಐ5-6300ಯು ಎಂದಿದ್ದರೆ ಅಡ್ಡಗೆರೆಯ ನಂತರದ 6 ಎಂಬುದು ಆರನೆಯ ಪೀಳಿಗೆ ಎಂದು ಹೇಳುತ್ತದೆ. ಐ5-8250ಯು ಎಂದಿದ್ದರೆ ಎಂಟನೆಯದು. ಆರು, ಏಳನೆಯ ಪೀಳಿಗೆಯವನ್ನು ಅಗ್ಗಕ್ಕೆ ಕೊಡುತ್ತೇವೆಂದು ಮುಂದಿಡುತ್ತಾರೆ. ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡು ನಡೆಸುವ ಧೈರ್ಯ ಇದ್ದವರು ತೆಗೆದುಕೊಳ್ಳಬಹುದು, ಉಳಿದವರು ಬೇಡ ಎಂದು ಹೇಳಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, 1920×1080 ಪರದೆ, ಇದಕ್ಕಿಂತ ಕೆಳಗೆ ಇಳಿಯಬಾರದು. 1366×768 ಪರದೆಯಲ್ಲಿ ಪಿಡಿಎಫ್ ಒಂದು ಬದಿ, ಬರಹ ಇನ್ನೊಂದು ಬದಿ ಇಟ್ಟರೆ ಎರಡೂ ಓದಲು ಬರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಲ್ಯಾಪ್‌ಟಾಪಿನ ಬೆಲೆಗಿಂತ ಮುಖ್ಯವಾದ ನಿರ್ಧಾರ ಇನ್ನೊಂದಿದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮೊದಲ ದಿನದಿಂದ ಯುನಿಕೋಡಿನಲ್ಲಿ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆಯಲ್ಲಿ, ಬರೆಯಿರಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನುಡಿ ತಂತ್ರಾಂಶದ ಮೂಲಕ ನಮ್ಮೆಲ್ಲರ ಬೆರಳಿಗೆ ಒಗ್ಗಿದೆ, ಅದರಲ್ಲಿಯೇ ಯುನಿಕೋಡ್ ಬರೆಯಬಹುದು. ಹಳೆಯ ಅಭ್ಯಾಸದಂತೆ ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಏನೂ ತಿಳಿಯುವುದಿಲ್ಲ, ಯುನಿಕೋಡಿನಲ್ಲಿ "ವೀರಗಲ್ಲು" ಎಂದು ಟೈಪಿಸಿ ಹುಡುಕಿದರೆ ಸಿಗುವುದಿಲ್ಲ. ಮೊದಲ ಎರಡು ಅಧ್ಯಾಯಗಳನ್ನು ನಾನು ಹಾಗೆಯೇ ಬರೆದಿದ್ದೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ಸರಿಪಡಿಸಲು ಹನ್ನೆರಡು ದಿನ ಹಿಡಿಯಿತು. ಹಳಗನ್ನಡದ ಪಠ್ಯವನ್ನು ಉದ್ಧರಿಸುವವರು ೞ ಮತ್ತು ಱ ತಮ್ಮ ಕೀಲಿಮಣೆಯಲ್ಲಿ ಎಲ್ಲಿವೆ ಎಂದು ಮೊದಲೇ ಕಂಡುಕೊಳ್ಳಿ. ಯುನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ.

ಟಿಪ್ಪಣಿಗೆ ನಾನು ಈಗ ನೆಚ್ಚಿರುವುದು ಜೊಟೆರೊ ಎಂಬ ಉಚಿತ ತಂತ್ರಾಂಶವನ್ನು. ಪುಸ್ತಕದ ವಿವರ, ಪಿಡಿಎಫ್, ನಾನು ಎಳೆದ ಗೆರೆ, ಬರೆದ ಮಾತು ಒಂದೇ ಕಡೆ ಇರುತ್ತವೆ. ಗೆರೆ ಎಳೆದ ಭಾಗಗಳನ್ನು ಪುಟಸಂಖ್ಯೆಯ ಸಮೇತ ಒಟ್ಟಿಗೆ ತೆಗೆದುಕೊಡುತ್ತದೆ. ಬೇಕೆಂದಾಗ ಟಿಪ್ಪಣಿಗಳನ್ನು ಪಿಡಿಎಫ್‌ನೊಳಗೇ ಸೇರಿಸಿ ಹೊರತೆಗೆಯಬಹುದು. ಅವರ ಸರ್ವರಿನಲ್ಲಿ ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ, ಸ್ಕ್ಯಾನ್ ಪುಸ್ತಕ ನಾಲ್ಕು ಹಾಕಿದರೆ ತುಂಬುತ್ತದೆ. ಆದ್ದರಿಂದ ಪಿಡಿಎಫ್‌ಗಳನ್ನು ಯಂತ್ರದಲ್ಲಿಟ್ಟು, ವಿವರ ಮತ್ತು ಟಿಪ್ಪಣಿಗಳನ್ನಷ್ಟೇ ಸರ್ವರಿಗೆ ಕಳಿಸುತ್ತೇನೆ. ಕನ್ನಡದ ಸ್ಕ್ಯಾನ್ ಪುಟದಲ್ಲಿ ಅಕ್ಷರದ ಪದರ (ಚಿತ್ರದ ಜೊತೆ ಯಂತ್ರ ಓದಬಲ್ಲ ಪಠ್ಯ) ಇಲ್ಲದಿದ್ದರೆ ಸಾಲನ್ನು ಹಿಡಿದು ಗೆರೆ ಎಳೆಯಲು ಬರುವುದಿಲ್ಲ, ಚೌಕ ಹಾಕಿ ಪಕ್ಕದಲ್ಲಿ ಟೈಪ್ ಮಾಡಬೇಕು. ಪುಟವನ್ನು ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಿನ ಕನ್ನಡವನ್ನು ಪಠ್ಯವಾಗಿ ಓದಿ ಕೊಡುತ್ತದೆ. ಹೊಸ ಪುಸ್ತಕಗಳಲ್ಲಿ ಚೆನ್ನಾಗಿಯೇ ಓದುತ್ತದೆ. ಹಳೆಯ ಮೊಳೆಯಚ್ಚಿನಲ್ಲಿ, ಹಳಗನ್ನಡದಲ್ಲಿ, ಸಾಲುಸಾಲನ್ನೂ ಮೂಲದೊಂದಿಗೆ ಹೋಲಿಸದೆ ಬಳಸಬಾರದು. ೞ ಕಾರ ಳ ಕಾರವಾಗಿ ಕುಳಿತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಮೊಬೈಲಿನ ಬಗ್ಗೆ ಒಂದು ಮಾತು: ಅದು ಎಲ್ಲರ ಬಳಿ ಇದೆ, ಹೊಸದು ಬೇಡ. 12 ಮೆಗಾಪಿಕ್ಸೆಲಿನ ಚಿತ್ರದ ಉದ್ದ 4000 ಚುಕ್ಕಿ. ಎ4 ಪುಟವನ್ನು ಅದರ ತುಂಬ ತೆಗೆದರೆ ಇಂಚಿಗೆ ಮುನ್ನೂರಕ್ಕೂ ಹೆಚ್ಚು ಚುಕ್ಕಿ ಸಿಗುತ್ತದೆ, ಸ್ಕ್ಯಾನರಿನ ಕೆಲಸಕ್ಕೆ ಅಷ್ಟು ಸಾಕು. ಕಲ್ಲನ್ನು ತೆಗೆಯುವಾಗ ನಡುಮಧ್ಯಾಹ್ನ ಹೋಗಬೇಡಿ, ನೆತ್ತಿಯ ಬಿಸಿಲಿಗೆ ಅಕ್ಷರಗಳು ಮಾಯವಾಗುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಪ್ರತಿ ಗೆರೆಗೂ ನೆರಳು ಬೀಳುತ್ತದೆ. ಬೆಳಕು ಇಲ್ಲದ ಕಡೆ ಇನ್ನೊಬ್ಬರ ಮೊಬೈಲಿನ ಟಾರ್ಚನ್ನು ಕಲ್ಲಿಗೆ ತಾಗಿದಂತೆ ಪಕ್ಕದಿಂದ ಹಿಡಿಸಿ ತೆಗೆಯಿರಿ. ಸೀಮೆಸುಣ್ಣ, ಹಿಟ್ಟು ಬಳಿದು ಅಕ್ಷರ ಎಬ್ಬಿಸುವುದು ಕಲ್ಲಿಗೆ ಕೇಡು, ದಯವಿಟ್ಟು ಯಾರೂ ಮಾಡಬೇಡಿ.

ಹಾಗಾದರೆ ಯಾರು ಏನು ಕೊಳ್ಳಬೇಕು

ಹೊಳಲ್ಕೆರೆಯ ತಂಗಿಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಬಳಸಿದ, ಎಂಟನೆಯ ಅಥವಾ ಅದರ ನಂತರದ ಪೀಳಿಗೆಯ ಲ್ಯಾಪ್‌ಟಾಪ್, ಜೊತೆಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್. ಉಳಿದ ಹಣವನ್ನು ಜೆರಾಕ್ಸಿಗೂ ಬಸ್ಸಿಗೂ ಇಟ್ಟುಕೊಳ್ಳಲಿ. ಅವಳ ವಿಷಯ ಜಾನಪದ. ಊರೂರಿಗೆ ಹೋಗಿ ಹಾಡು ಕೇಳಿ ಬರೆಯಬೇಕು. ಅಲ್ಲಿ ಟ್ಯಾಬ್ ಹಿಡಿದು ಕುಳಿತರೆ ಹಾಡುವವರ ಕಣ್ಣು ಟ್ಯಾಬಿನ ಮೇಲೆಯೇ ಇರುತ್ತದೆ. ನೋಟ್‌ಬುಕ್ಕಿನ ಮುಂದೆ ಅವರು ಸಲೀಸಾಗಿ ಬಾಯಿ ಬಿಡುತ್ತಾರೆ. ಹಾಡನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಆಯಿತು.

ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಬಂದವರ ಮಾತು ಬೇರೆ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದಾಗಿದೆ. ಅದು ಪ್ರತಿ ತಿಂಗಳೂ ತಪ್ಪದೆ ಬರುತ್ತದೆಂದು ನಂಬಿ ಕಂತಿನಲ್ಲಿ ಕೊಳ್ಳಬೇಡಿ, ಕೂಡಿಟ್ಟು ಕೊಳ್ಳಿ. ವಿಜ್ಞಾನ, ವಾಣಿಜ್ಯದ ವಿದ್ಯಾರ್ಥಿಗಳು, ದಿನಕ್ಕೆ ನಾಲ್ಕೈದು ಇಂಗ್ಲಿಷ್ ಲೇಖನ ಓದುವವರು, ಲ್ಯಾಪ್‌ಟಾಪಿನ ಜೊತೆ ಟ್ಯಾಬ್ ಇಟ್ಟುಕೊಂಡರೆ ನಿಜಕ್ಕೂ ಉಪಯೋಗವಿದೆ. ಅವರ ಪಿಡಿಎಫ್‌ಗಳಲ್ಲಿ ಅಕ್ಷರದ ಪದರ ಇರುತ್ತದೆ, ಗೆರೆ ನೆಟ್ಟಗೆ ಬೀಳುತ್ತದೆ, ಹುಡುಕಿದರೆ ಸಿಗುತ್ತದೆ. ಕನ್ನಡ ಸಾಹಿತ್ಯ, ಇತಿಹಾಸದವರಿಗೆ ಟ್ಯಾಬ್ ಎರಡನೆಯದು, ಇ-ಇಂಕ್ ಮೂರನೆಯದು. ಕಣ್ಣಿನ ತೊಂದರೆಯಿಂದ ಹೊಳೆಯುವ ಪರದೆಯನ್ನು ನೋಡಲಾಗದವರು ಮಾತ್ರ ಈ ಸಾಲನ್ನು ತಿರುಗಿಸಿ, ದೊಡ್ಡ ಇ-ಇಂಕನ್ನೇ ಮೊದಲು ಯೋಚಿಸಲಿ.

ಯಾವುದನ್ನು ಕೊಂಡರೂ ಪ್ರತಿ ಶನಿವಾರ ಸಂಜೆ ನಾನು ಮಾಡುವ ಕೆಲಸವೊಂದಿದೆ: ಪ್ರಬಂಧದ ಕಡತಕೋಶವನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಬರಹದ ಕಡತಗಳನ್ನು ಗೂಗಲ್ ಖಾತೆಗೆ ಏರಿಸುತ್ತೇನೆ. ಉಚಿತವಾಗಿ ಸಿಗುವ 15 ಜಿಬಿ ಬರಹಕ್ಕೆ ಧಾರಾಳ. ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿನ ಚೀಲದಲ್ಲಿ ಇಡುವುದಿಲ್ಲ. ಅದು ಅಮ್ಮನ ಬೀರುವಿನಲ್ಲಿರುತ್ತದೆ.

ಅಂಗಡಿಗೆ ಹೋಗುವ ದಿನ ಒಂದು ಪೆನ್ ಡ್ರೈವ್ ಒಯ್ಯಿರಿ. ಅದರಲ್ಲಿ ಮೂರು ಕಡತ ಇರಲಿ: ನಿಮ್ಮ ವಿಷಯದ ಹಳೆಯ ಕನ್ನಡ ಪುಸ್ತಕವೊಂದರ ಸ್ಕ್ಯಾನ್, ಎರಡು ಅಂಕಣದ ಇಂಗ್ಲಿಷ್ ಲೇಖನ, ನೀವೇ ಯುನಿಕೋಡಿನಲ್ಲಿ ಬರೆದ ಎರಡು ಪುಟ. ಅಂಗಡಿಯವರು ತೋರಿಸುವ ಬಣ್ಣದ ವೀಡಿಯೊ ನಿಲ್ಲಿಸಿ, ಇವನ್ನು ತೆರೆಯಿಸಿ. ಸ್ಕ್ಯಾನಿನಲ್ಲಿ ಅತಿ ಸಣ್ಣ ಅಡಿಟಿಪ್ಪಣಿಯ ಪುಟಕ್ಕೆ ಹೋಗಿ, ಹಿಗ್ಗಿಸದೆ ಹತ್ತು ಸಾಲು ಓದಿ. ಲೇಖನದಲ್ಲಿ ಒಂದು ಗೆರೆ ಎಳೆದು ಉಳಿಸಿ, ಪೆನ್ ಡ್ರೈವಿಗೆ ಹಿಂದಿರುಗಿಸಿ, ಪಕ್ಕದ ಕಂಪ್ಯೂಟರಿನಲ್ಲಿ ನೋಡಿ. ನಿಮ್ಮ ಬರಹದಲ್ಲಿ ಒತ್ತಕ್ಷರಗಳು ಅಡಿಗೆ ಸರಿಯಾಗಿ ಕುಳಿತಿವೆಯೇ ಗಮನಿಸಿ. ಅರ್ಧ ಗಂಟೆ ಹಿಡಿಯುತ್ತದೆ, ಅಂಗಡಿಯವರಿಗೆ ಬೇಸರವಾಗಬಹುದು, ಆಗಲಿ. ಬರುವ ಸೋಮವಾರ ಅವಳ ಜೊತೆ ನಾನೂ ಹೋಗುತ್ತಿದ್ದೇನೆ. ಪೆನ್ ಡ್ರೈವಿಗೆ 11ನೆಯ ಸಂಪುಟವನ್ನು ಆಗಲೇ ಹಾಕಿಟ್ಟಿದ್ದೇನೆ.